ಏಳನೇ ಬ್ಲಾಕಿನ ದ್ರಾಕ್ಷಿ ಪಾನಕ

ಈ ವರ್ಷ ನನ್ನ ಮನೆಯ ತಾರಸಿಯ ಮೇಲೆ ಬೆಳೆದ ದ್ರಾಕ್ಷಿಯಿಂದ ಫ್ರಾನ್ಸಿನವರು ಕೂಡ ಹೊಟ್ಟೆ ಉರಿದುಕೊಳ್ಳುವಂಥ ವೈನು ತಯಾರಿಸಿಯೇ ತೀರುತ್ತೇನೆ ಎಂದು ನಾನು ಘೋರ ಪ್ರತಿಜ್ಞೆ ಮಾಡಿದೆ! ಮಾಡಿದ್ದು ಬಚ್ಚಲುಮನೆಯಲ್ಲಿ, ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು. ನಾಲ್ಕು ಜನರ ಮುಂದೆ ಅಂಥ ಪ್ರತಿಜ್ಞೆ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಯಾಕೆಂದರೆ ತಿರುಮಲೇಶ ಎಂಬ ಹೆಸರಿನ, ವಿಮಾ ಕಚೇರಿಯಿಂದ ನಿವೃತ್ತನಾದ ಈ ಪ್ರಾಣಿ ಜಯನಗರ ಏಳನೇ ಬ್ಲಾಕಿನ ನಮ್ಮ ರಸ್ತೆಯ ನಿವಾಸಿಗಳ ಸಂಘದ ಕಾರ್ಯದರ್ಶಿ. ಆ ಸಂಘ ಅದೇ ಹೊತ್ತಿನಲ್ಲಿ ರಸ್ತೆಯ ಮೂಲೆಗೆ ಬರಲಿದ್ದ ಒಂದು ಬಾರನ್ನು ಓಡಿಸಲು ಸೊಂಟ ಕಟ್ಟಿ ನಿಂತಿತ್ತು. ಆ ಮಹಾಯುದ್ಧದ ಸೇನಾಪತಿಯೂ ನಾನೇ!

ಹಾಗಾದರೆ ಬಾರನ್ನು ವಿರೋಧಿಸುವವನು ವೈನು ಮಾಡಬಹುದೇ ಎಂದು ನೀವು ಕೇಳುತ್ತೀರಿ. ಈ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಾರ್ ಬೇರೆ, ವೈನು ಬೇರೆ. ಬಾರ್ ಎಂದರೆ ಗಲಾಟೆ, ಕಡಲೆಬೀಜದ ಸಿಪ್ಪೆ, ಅಡ್ಡಾದಿಡ್ಡಿ ನಿಲ್ಲಿಸಿದ ಬೈಕುಗಳು. ವೈನು ಎಂದರೆ ಸಂಸ್ಕೃತಿ! ಈ ವ್ಯತ್ಯಾಸವನ್ನು ನನಗೆ ಕಲಿಸಿದವನು ನನ್ನ ಹೆಂಡತಿ ಚೂಡಾಮಣಿಯ ತಂಗಿಯ ಮಗ ಮಯೂರ್. ಜೆ.ಪಿ. ನಗರದಲ್ಲಿ ಅವನ ಫ್ಲಾಟು. ಅಲ್ಲಿ ಪುಸ್ತಕಗಳು ಇರಬೇಕಾದ ಕಪಾಟಿನಲ್ಲಿ ಬಾಟಲಿಗಳು ಮಲಗಿರುತ್ತವೆ. ಹೋದ ವರ್ಷ ಅವನು ನನ್ನನ್ನು ನಂದಿ ಬೆಟ್ಟದ ಕಡೆಯ ಒಂದು ದ್ರಾಕ್ಷಿ ತೋಟಕ್ಕೆ ಕರೆದುಕೊಂಡು ಹೋದ. ಚೂಡಾಮಣಿಗೆ ಹೇಳಿದ್ದು ಭೋಗನಂದೀಶ್ವರನ ದರ್ಶನ ಎಂದು. ದರ್ಶನವೂ ಆಯಿತೆನ್ನಿ, ಹೊರಗಿನಿಂದ, ಕಾರಿನೊಳಗೆ ಕೂತೇ.

ತೋಟದವರು ಗಾಜಿನ ಲೋಟದ ತಳದಲ್ಲಿ ಒಂದು ಗುಟುಕು ಕೊಟ್ಟರು. ನಾನು ಕಷಾಯ ಕುಡಿದಂತೆ ಗಟಗಟ ಕುಡಿಯಲು ಹೋದರೆ ಮಯೂರ್ ಕೈ ಹಿಡಿದುಕೊಂಡ.

“ದೊಡ್ಡಪ್ಪ, ಹಂಗಲ್ಲ! ಫಸ್ಟು ತಿರುಗಿಸಿ. ಆಮೇಲೆ ಮೂಗು ಒಳಗಿಡಿ. ಏನ್ ವಾಸನೆ ಬರ್ತಿದೆ?”

“ದ್ರಾಕ್ಷಿ.”

“ಅದು ಬಿಟ್ಟು!”

“ದ್ರಾಕ್ಷಿ ರಸದಲ್ಲಿ ದ್ರಾಕ್ಷಿ ಬಿಟ್ಟು ಇನ್ನೇನೋ ಬರ್ಬೇಕು?”

“ಚಕ್ಕೆ, ಒದ್ದೆ ಮಣ್ಣು, ಹಳೇ ಚರ್ಮದ ಬ್ಯಾಗು…”

ನನಗೆ ರೇಗಿತು. ಆದರೂ ಬಿಟ್ಟಿ ಸಿಗುತ್ತಿದ್ದುದರಿಂದ ಪಟ್ಟು ಬಿಡದೆ ಮೂಗು ಇಟ್ಟೆ. ಏನು ಹೇಳಲಿ! ಮೂರನೇ ಲೋಟದ ಹೊತ್ತಿಗೆ ನನಗೆ ಚರ್ಮದ ಬ್ಯಾಗು ಮಾತ್ರವಲ್ಲ, ಅದರೊಳಗಿನ ಟಿಫನ್ ಡಬ್ಬಿಯ ವಾಸನೆಯೂ ಬಂತು. ಅಂದಿನಿಂದ ನಾನು ರಸಿಕನಾದೆ. ಚೂಡಾಮಣಿಯ ಕಣ್ಣು ತಪ್ಪಿಸಿ ಆಗಾಗ ಮಯೂರನ ಮನೆಗೆ ಹೋಗಿ ದೇಶದೇಶಗಳ ವೈನಿನ ಅಧ್ಯಯನ ನಡೆಸಿದೆ. ನಾಸಿಕದ್ದು ಮೂಗಿಗೆ ಚುರುಕು. ಚಿಲಿ ದೇಶದ್ದು ಗಂಟಲಿಗೆ ಮೃದು. ಇಟಲಿಯದು ಹುಣಸೆಹಣ್ಣು ಹೆಚ್ಚಾದ ಸಾರಿನಂತೆ ನಾಲಿಗೆಯನ್ನು ಹಿಡಿದುಕೊಳ್ಳುತ್ತದೆ. ಒಂದು ದಿನ ಮಯೂರ್ ಹೇಳಿದ: “ಷಾಂಪೇನ್ ಅನ್ನೋದು ಒಂದು ಜಾಗದ ಹೆಸರು ದೊಡ್ಡಪ್ಪ. ಅಲ್ಲಿ ಮಾಡಿದ್ದಕ್ಕೆ ಮಾತ್ರ ಆ ಹೆಸರು.” ಆ ಕ್ಷಣದಲ್ಲಿ ನನ್ನ ತಲೆಯೊಳಗೆ ದೀಪ ಹತ್ತಿತು. ಷಾಂಪೇನ್ ಎಂಬ ಊರು ಒಂದು ವೈನಿನ ಹೆಸರಾಗಬಹುದಾದರೆ ಜಯನಗರಕ್ಕೆ ಏನು ಕಡಿಮೆಯಾಗಿದೆ? ನನ್ನ ತಾರಸಿಯ ಚಪ್ಪರದ ಮೇಲೆ ಬೆಂಗಳೂರಿನ ನೀಲಿ ದ್ರಾಕ್ಷಿಯ ಬಳ್ಳಿ ಕೊಬ್ಬಿ ಬೆಳೆದಿತ್ತು. ಪಾರಿವಾಳಗಳು ತಿಂದು, ನಮ್ಮ ಬಟ್ಟೆಗಳ ಮೇಲೆ ಉಗುಳಿ ಹೋಗುವುದೇ ಆ ಹಣ್ಣುಗಳ ಭಾಗ್ಯವೇ? ಕೂಡದು!

ಈಗ ಬಾರಿನ ವಿಷಯ. ನಮ್ಮ ರಸ್ತೆಯ ಮೂಲೆಯ ಕಟ್ಟಡ ಬೈರಣ್ಣನದು. ಯಡಿಯೂರಿನ ಹಳೆಯ ಮನೆತನ. ನಾವೆಲ್ಲ ಸೈಟು ಎನ್ನುವ ಜಾಗದಲ್ಲಿ ಅವರ ತಾತ ರಾಗಿ ಬೆಳೆಯುತ್ತಿದ್ದರಂತೆ. ಆ ಕಟ್ಟಡದ ಕೆಳಗಿನ ಅಂಗಡಿಯನ್ನು ಬೈರಣ್ಣ ರವಿಕುಮಾರ ಎಂಬ ಬಾರ್ ಮಾಲೀಕನಿಗೆ ಬಾಡಿಗೆಗೆ ಕೊಡಲು ಹೊರಟಿದ್ದ. ಎದುರಿಗೇ ಗಣಪತಿ ಗುಡಿ. ಸಂಜೆ ನಮ್ಮ ಹೆಂಗಸರೆಲ್ಲ ಅಲ್ಲೇ ವಾಕಿಂಗ್ ಹೋಗುವುದು. ಸಂಘದ ಅಧ್ಯಕ್ಷರು ವಿಷ್ಣುಮೂರ್ತಿಗಳು. ಹೈಸ್ಕೂಲಿನ ನಿವೃತ್ತ ಹೆಡ್‌ಮಾಸ್ಟರು, ಕಾಫಿ ಕೂಡ ಉತ್ತೇಜಕ ಎಂದು ಬಿಟ್ಟವರು. ಸಭೆಯಲ್ಲಿ ಅವರು ಮೇಜು ಕುಟ್ಟಿದರು.

“ಒಂದು ತೊಟ್ಟು ಮದ್ಯ ಈ ರಸ್ತೆಗೆ ಬರಬಾರದು! ಬಂದರೆ ನಾನು ಅಧ್ಯಕ್ಷನಾಗಿ ಇರೋದಿಲ್ಲ. ಏನ್ರೀ ಕಾರ್ಯದರ್ಶಿಗಳೇ?”

“ಒಂದು ತೊಟ್ಟೂ ಬರಬಾರದು ಸಾರ್!” ಎಂದು ನಾನು ಅವರಿಗಿಂತ ಜೋರಾಗಿ ಕುಟ್ಟಿದೆ. ತೊಟ್ಟು ಬರುವುದೇನು, ಅದಾಗಲೇ ನನ್ನ ತಾರಸಿಯ ಮೇಲೆ ಗೊಂಚಲುಗೊಂಚಲಾಗಿ ತೂಗುತ್ತಿತ್ತು. ಈ ಗುಟ್ಟು ಹೊರಬಿದ್ದರೆ ಬೈರಣ್ಣ ವಾದ್ಯ ಬಾರಿಸಿಕೊಂಡು ಬಾರ್ ತೆರೆಯುತ್ತಾನೆ, ನನ್ನ ಮಾನ ಕೊಚ್ಚಿಕೊಂಡು ಚರಂಡಿಗೆ ಹೋಗುತ್ತದೆ. ಇಷ್ಟು ಗೊತ್ತಿದ್ದೂ ನಾನು ಕೈಬಿಡಲಿಲ್ಲ. ಕಲಾವಿದರ ಹಣೆಬರಹವೇ ಇಷ್ಟು.

ಶಿವರಾತ್ರಿಯ ಹೊತ್ತಿಗೆ ಗೊಂಚಲುಗಳು ಕಪ್ಪಾದವು. ಸಾಲದ್ದಕ್ಕೆ ಮಾರ್ಕೆಟ್ಟಿನಿಂದಲೂ ತಂದು ಸೇರಿಸಿದೆ. ಮೊದಲ ಸಂಕಟ ಪಾತ್ರೆಯದು. ಅಡುಗೆಮನೆಗೆ ಹೋಗಿ ದೊಡ್ಡ ಕೊಳದಪ್ಪಲೆಯ ಮೇಲೆ ಕೈ ಇಟ್ಟೆನೋ ಇಲ್ಲವೋ, ಚೂಡಾಮಣಿ ಪ್ರತ್ಯಕ್ಷ.

“ಏನ್ರೀ ಅದು?”

“ಏನಿಲ್ಲ. ಗಿಡಕ್ಕೆ ಗೊಬ್ಬರ ಕಲಸಬೇಕಿತ್ತು.”

“ನಮ್ಮತ್ತೆ ಕೊಟ್ಟಿರೋ ಕೊಳದಪ್ಪಲೇಲಿ ಗೊಬ್ಬರಾನಾ? ಕೈ ತೆಗೀರಿ ಮೊದ್ಲು! ನನ್ನ ಅಡುಗೆಮನೆಯಿಂದ ಒಂದು ಚಮಚ ಹೊರಗೆ ಹೋದ್ರೂ ನಿಮ್ಗೆ ಊಟ ಇಲ್ಲ.”

ಕೊನೆಗೆ ಕಾವೇರಿ ನೀರು ಬಾರದ ದಿನಗಳಿಗೆಂದು ಇಟ್ಟಿದ್ದ ನೀಲಿ ಪ್ಲಾಸ್ಟಿಕ್ ಡ್ರಮ್ಮೇ ಗತಿಯಾಯಿತು. ಎರಡನೇ ಸಂಕಟ ಹಿಂಡುವುದು. ಮಿಕ್ಸಿಯನ್ನು ಮುಟ್ಟುವಂತಿಲ್ಲ. ಮಯೂರನಿಗೆ ಫೋನು ಮಾಡಿದರೆ, “ಇಟಲೀಲಿ ಕಾಲಲ್ಲಿ ತುಳೀತಾರೆ ದೊಡ್ಡಪ್ಪ, ಅದೇ ಬೆಸ್ಟು” ಎಂದ. ಸರಿ, ಚೂಡಾಮಣಿ ಸಂಗೀತ ಕಛೇರಿಗೆ ಹೋದ ಹೊತ್ತು ನೋಡಿ, ಕಾಲು ತಿಕ್ಕಿ ತೊಳೆದು, ಪಂಚೆಯನ್ನು ಎತ್ತಿ ಕಟ್ಟಿ ಡ್ರಮ್ಮಿನೊಳಗೆ ಇಳಿದೆ. ಆಹಾ! ಕಾಲ್ಬೆರಳುಗಳ ಸಂದಿಯಲ್ಲಿ ಪುಚುಕ್ ಪುಚುಕ್ ಎಂದು ಹಣ್ಣುಗಳು ಒಡೆಯುವ ಸುಖ! ಕಷ್ಟ ಬಂದದ್ದು ಹೊರಗೆ ಬರುವಾಗ. ಡ್ರಮ್ಮು ಎದೆಯೆತ್ತರ. ಒಳಗೆ ಹೋಗಲು ಸ್ಟೂಲು ಹತ್ತಿದ್ದೆ. ಹೊರಗೆ ಬರಲು ಸ್ಟೂಲು ಹೊರಗಿತ್ತು! ಬಳ್ಳಿ ಹಿಡಿದುಕೊಂಡು, ಚಪ್ಪರ ಅಲ್ಲಾಡಿಸಿಕೊಂಡು, ಪಾರಿವಾಳಗಳಿಂದ ಅವಮಾನ ಮಾಡಿಸಿಕೊಂಡು ಹೇಗೋ ಈಚೆ ಬಿದ್ದೆ.

ನೋಡಿದರೆ ಮೊಣಕಾಲಿನ ತನಕ ನೇರಳೆ ಬಣ್ಣ! ಸೋಪು ಹಾಕಿದೆ, ನಿಂಬೆಹಣ್ಣು ತಿಕ್ಕಿದೆ, ಪಾತ್ರೆ ಉಜ್ಜುವ ಜುಂಗಿನಲ್ಲಿ ಚರ್ಮ ಕಿತ್ತುಬರುವಂತೆ ಉಜ್ಜಿದೆ. ಬಣ್ಣ ಕದಲಲಿಲ್ಲ. ಅದೇ ಸಂಜೆ ವಿಷ್ಣುಮೂರ್ತಿಗಳ ಮನೆಯಲ್ಲಿ ಬಾರ್ ವಿರೋಧಿ ಸಭೆ. ಪ್ಯಾಂಟು, ಕಾಲುಚೀಲ, ಬೂಟು ಎಲ್ಲ ಬಿಗಿದುಕೊಂಡು ಹೋದೆ. ಬಾಗಿಲಲ್ಲಿ ನೆನಪಾಯಿತು, ಅವರ ಮನೆಯಲ್ಲಿ ಚಪ್ಪಲಿ, ಬೂಟು ಹೊರಗೆ ಬಿಡಬೇಕು. ಅಷ್ಟೇ ಅಲ್ಲ, ನಲ್ಲಿಯಲ್ಲಿ ಕಾಲು ತೊಳೆದುಕೊಂಡೇ ಒಳಗೆ ಬರಬೇಕು! ಅವರು ಬಾಗಿಲಲ್ಲೇ ಚೊಂಬು ಹಿಡಿದು ನಿಂತಿದ್ದರು.

“ಏನ್ರೀ ತಿರುಮಲೇಶ್, ಕಾಲಿಗೇನಾಯ್ತು?”

“ರಕ್ತ ಸಂಚಾರ ಸಾರ್. ಡಾಕ್ಟ್ರು ಒಂದು ಔಷಧಿ ಹಚ್ಚಿದಾರೆ.”

“ಪಾಪ, ಇಂಥ ಕಾಲಿಟ್ಕೊಂಡು ಹೋರಾಟಕ್ಕೆ ಬಂದಿದೀರಲ್ಲ! ನೋಡಿ ಕಲೀರಿ ಎಲ್ರೂ!” ಎಂದು ಅವರು ಸಭೆಗೆಲ್ಲ ನನ್ನ ಕಾಲು ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಇತ್ತ ಡ್ರಮ್ಮಿನೊಳಗೆ ಗುಳುಗುಳು ಶಬ್ದ ಶುರುವಾಯಿತು. ನನಗೆ ಅದು ಕಂದನ ತೊದಲು ನುಡಿಯಂತೆ ಕೇಳಿಸಿತು. ಸಂಡಿಗೆ ಒಣಹಾಕಲು ಬಂದ ಚೂಡಾಮಣಿಗೆ ಬೇರೆಯೇ ಕಂಡಿತು.

“ಏನ್ರೀ ಇಲ್ಲಿ ಹಿಟ್ಟು ಹುಳಿ ಬಂದ ವಾಸನೆ?”

“ಪಕ್ಕದ ಮನೆಯವರದು ಕಣೇ. ದೋಸೆ ಹಿಟ್ಟು ಹೊರಗಿಟ್ಟಿರ್ಬೇಕು.”

“ಒಂದು ವಾರದಿಂದಾನಾ? ಆ ದೋಸೆ ತಿಂದವ್ರು ಇನ್ನೂ ಓಡಾಡ್ತಿದಾರಲ್ಲ!”

ರಾಮನವಮಿ ಕಳೆಯಿತು. ಸಂಘದವರು ಎಂದಿನಂತೆ ಗಣಪತಿ ಗುಡಿಯ ಮುಂದೆ ಪಾನಕ, ಕೋಸಂಬರಿ ಹಂಚಿದ ಮೇಲೆ, ಪಾನಕದ ಡ್ರಮ್ಮು ಕಾರ್ಯದರ್ಶಿಯ ಮನೆಯಲ್ಲೇ ಇರಲಿ ಎಂದು ತಂದಿಟ್ಟು ಹೋದರು. ದೊಡ್ಡ ಸ್ಟೀಲ್ ಡ್ರಮ್ಮು, ಕೆಳಗೆ ನಲ್ಲಿ. ಅದನ್ನು ನೋಡಿದ್ದೇ ನನಗೆ ಆಸೆಯಾಯಿತು. ವೈನನ್ನು ಗಸಿಯಿಂದ ಬೇರೆ ಮಾಡಿ ತಿಳಿಯಾಗಲು ಬಿಡಬೇಕು, ಆಮೇಲೆ ಬಾಟಲಿಗೆ ಹಿಡಿಯಬೇಕು. ಇದಕ್ಕಿಂತ ಒಳ್ಳೆಯ ಪಾತ್ರೆ ಫ್ರಾನ್ಸಿನಲ್ಲೂ ಸಿಗಲಾರದು! ಶನಿವಾರ ಮಧ್ಯಾಹ್ನ ಪಂಚೆಯ ಬಟ್ಟೆಯಲ್ಲಿ ಸೋಸಿ ಅದಕ್ಕೆ ತುಂಬಿಸಿದೆ. ಏನು ಬಣ್ಣ, ಏನು ಹೊಳಪು! ಖಾಲಿ ಬಾಟಲಿಗಳನ್ನು ಮಯೂರ್ ಭಾನುವಾರ ಸಂಜೆ ತರುವವನಿದ್ದ. ಮೊದಲ ಗುಟುಕನ್ನು ಆಗ, ಶಾಸ್ತ್ರೋಕ್ತವಾಗಿ, ಗಾಜಿನ ಲೋಟದಲ್ಲಿ ಕುಡಿಯಬೇಕೆಂದು ನಾಲಿಗೆಗೆ ಬೀಗ ಹಾಕಿಕೊಂಡೆ. ಒಂದು ಹನಿಯನ್ನೂ ರುಚಿ ನೋಡಲಿಲ್ಲ. ಈ ಸಂಯಮವನ್ನು ನೆನೆದರೆ ಈಗಲೂ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಅಷ್ಟರಲ್ಲಿ ಹಿಂದಿನಿಂದ ಧ್ವನಿ.

“ಏನ್ರೀ ಇದು, ಇಷ್ಟೊಂದು ದ್ರಾಕ್ಷಿ ರಸ?”

ಮಾರನೆಯ ದಿನ, ಭಾನುವಾರ ಬೆಳಿಗ್ಗೆ, ಬಾರ್ ವಿರುದ್ಧ ನಮ್ಮ ಪ್ರತಿಭಟನೆಯಿತ್ತು. ಬಂದವರಿಗೆ ಪಾನಕ ಕೊಡುವುದು, “ಪಾನ ಬೇಡ, ಪಾನಕ ಬೇಕು!” ಎಂದು ಕೂಗುವುದು. ಘೋಷಣೆ ನನ್ನದೇ ರಚನೆ. ಸಿಕ್ಕಿಬಿದ್ದ ಗಾಬರಿಯಲ್ಲಿ ಅದೇ ಬಾಯಿಗೆ ಬಂತು.

“ನಾಳೆ ಪ್ರತಿಭಟನೆಗೆ ಕಣೇ! ದ್ರಾಕ್ಷಿ ಪಾನಕ. ನಾನೇ ಮಾಡಿದ್ದು. ಎಲ್ರಿಗೂ ಸರ್ಪ್ರೈಸ್ ಕೊಡೋಣ ಅಂತ.”

ಚೂಡಾಮಣಿಯ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಮದುವೆಯಾದಂದಿನಿಂದ ಈ ಗಂಡಸು ಒಂದು ಲೋಟ ಮಜ್ಜಿಗೆ ಬೆರೆಸಿದ್ದನ್ನು ಅವಳು ಕಂಡಿರಲಿಲ್ಲ. “ನಿಮಗೂ ಇಷ್ಟೆಲ್ಲ ಬರುತ್ತಾ?” ಎಂದಳು. ಕಣ್ಣಲ್ಲಿ ನೀರಿತ್ತು. ನನಗೆ ಒಂದು ಕಡೆ ಪಾಪ ಅನ್ನಿಸಿತು, ಇನ್ನೊಂದು ಕಡೆ ಸದ್ಯ ಬಚಾವಾದೆ ಅನ್ನಿಸಿತು.

“ನೀನು ಮುಟ್ಬೇಡ. ಬೆಳಿಗ್ಗೆ ನಾನೇ ಕೆಳಗೆ ಇಳಿಸ್ತೀನಿ” ಎಂದೆ. ನನ್ನ ಯೋಜನೆ ಸರಳವಾಗಿತ್ತು. ಬೆಳಿಗ್ಗೆ ಎದ್ದು, ಅಯ್ಯೋ ಪಾನಕ ಕೆಟ್ಟುಹೋಗಿದೆ ಎಂದು ಮೂಗು ಮುಚ್ಚಿಕೊಂಡು ಕೂಗುವುದು, ಬಕೆಟ್ಟಿನಲ್ಲಿ ನಿಂಬೆಹಣ್ಣಿನ ಪಾನಕ ಮಾಡಿಸುವುದು.

ಯೋಜನೆಯನ್ನು ಹಾಳು ಮಾಡಿದ್ದು ಒಂದು ಬ್ಯಾನರು. ಸಿದ್ದಾಪುರದ ಅಂಗಡಿಯವನು ಬೆಳಗಾಗುತ್ತಿದ್ದಂತೆ ಫೋನು ಮಾಡಿ, “ಸಾರ್, ಬೇಗ ಬಂದು ನೋಡಿ, ಪ್ರಿಂಟ್ ಕೊಡ್ಬೇಕು” ಎಂದ. ಬರೀ ಹೋಗಿ ಬರುವುದು ತಾನೇ ಎಂದು ಓಡಿದೆ. ಅಲ್ಲಿ ಅವನು ವಿಷ್ಣುಮೂರ್ತಿಗಳ ಫೋಟೋ ಇರಬೇಕಾದಲ್ಲಿ ಯಾವುದೋ ಹುಟ್ಟುಹಬ್ಬದ ಯುವನಾಯಕನ ಮುಖ ಹಾಕಿ, ಅದಕ್ಕೆ ಕಪ್ಪು ಕನ್ನಡಕ ಬೇರೆ ಹಚ್ಚಿದ್ದ. ಅದನ್ನು ತೆಗೆಸಿ, ಇದನ್ನು ಹಾಕಿಸಿ, ಕರೆಂಟು ಹೋಗಿ, ಕರೆಂಟು ಬಂದು, ನಾನು ಅವನ ಮೇಲೆ ಹರಿಹಾಯ್ದು, ಅವನು ನನಗೆ “ಟೆನ್ಶನ್ ಆಗ್ಬೇಡಿ ಅಂಕಲ್, ಬಿಪಿ ಬರುತ್ತೆ” ಎಂದು ಬುದ್ಧಿ ಹೇಳಿ, ಬ್ಯಾನರು ಕೈಗೆ ಬರುವಷ್ಟರಲ್ಲಿ ಬಿಸಿಲು ಏರಿತ್ತು.

ಆಟೋ ನಮ್ಮ ರಸ್ತೆಗೆ ತಿರುಗಿತು. ದೂರದಿಂದಲೇ ನಗು, ಗದ್ದಲ. ಎಂದೂ ಇಷ್ಟು ಜನ ನಮ್ಮ ಪ್ರತಿಭಟನೆಗೆ ಬಂದಿರಲಿಲ್ಲ. ಗಣಪತಿ ಗುಡಿಯ ಎದುರು ಶಾಮಿಯಾನ, ಅದರ ಕೆಳಗೆ ಮೇಜು, ಮೇಜಿನ ಮೇಲೆ ಆ ಸ್ಟೀಲ್ ಡ್ರಮ್ಮು! ಪಕ್ಕದಲ್ಲಿ ಸೌಟು ಹಿಡಿದು, ಸೀರೆಯ ಸೆರಗು ಸಿಕ್ಕಿಸಿಕೊಂಡು ನಿಂತ ನನ್ನ ಧರ್ಮಪತ್ನಿ! ಆಟೋ ನಿಲ್ಲುವ ಮೊದಲೇ ಬ್ಯಾನರನ್ನು ಬಗಲಿಗಿಟ್ಟುಕೊಂಡು ಇಳಿದು ಓಡಿದೆ.

“ಬನ್ನಿ ಬನ್ನಿ!” ಎಂದಳು ಚೂಡಾಮಣಿ. “ನಿಮಗೆ ಲೇಟಾಗುತ್ತೆ ಅಂತ ನಾವೇ ಇಳಿಸ್ಕೊಂಡು ಬಂದ್ವಿ. ಅಲ್ರೀ, ಅದೆಂಥ ಹುಳಿ ರಸ ಮಾಡಿದ್ರಿ! ಬಾಯಿಗೆ ಇಡೋ ಹಾಗಿರ್ಲಿಲ್ಲ. ನಾನೇ ಎಲ್ಲ ಸರಿ ಮಾಡ್ದೆ.”

“ಸರಿ… ಮಾಡಿದ್ಯಾ? ಹೆಂಗೆ?”

“ಅಚ್ಚು ಬೆಲ್ಲ ಕುಟ್ಟಿ ಹಾಕ್ದೆ. ಏಲಕ್ಕಿ, ಒಣಶುಂಠಿ, ಒಂಚೂರು ಪಚ್ಚಕರ್ಪೂರ. ಐಸು. ಈಗ ನೋಡಿ, ಹೆಂಗೆ ಖಾಲಿಯಾಗ್ತಿದೆ!”

ಬೆಲ್ಲ! ಏಲಕ್ಕಿ! ಪಚ್ಚಕರ್ಪೂರ! ಶಿವರಾತ್ರಿಯಿಂದ ಕಂದನಂತೆ ಸಾಕಿದ ಜಯನಗರದ ಪ್ರಪ್ರಥಮ ವೈನಿಗೆ ಪಚ್ಚಕರ್ಪೂರ! ನನಗೆ ಅಲ್ಲೇ ಕೂತು ಅಳಬೇಕು ಅನ್ನಿಸಿತು. ಆದರೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಸಾಲು ಸಾಲಾಗಿ ಜನ ಲೋಟ ಹಿಡಿದು ಬರುತ್ತಿದ್ದರು. ಮಕ್ಕಳೆಲ್ಲ ಬೇಸಿಗೆ ಶಿಬಿರದ ಬಸ್ಸು ಹತ್ತಿ ಹೋಗಿದ್ದರು. ಆ ಗಣಪತಿ ಅಷ್ಟರಮಟ್ಟಿಗೆ ನನ್ನ ಕೈ ಬಿಟ್ಟಿರಲಿಲ್ಲ. ಉಳಿದಂತೆ ರಸ್ತೆಯ ಹಿರಿಯರು ಒಬ್ಬರೂ ತಪ್ಪಿರಲಿಲ್ಲ. ಜೊತೆಗೆ ಇನ್ನೊಂದು ಯೋಚನೆ ಚೇಳಿನಂತೆ ಕುಟುಕಿತು: ಈ ರಸವನ್ನು ನಾನು ಕಾಲಿನಲ್ಲಿ ತುಳಿದವನು. ಇಡೀ ಏಳನೇ ಬ್ಲಾಕು ನನ್ನ ಪಾದತೀರ್ಥವನ್ನು ಐಸು ಹಾಕಿ ಕುಡಿಯುತ್ತಿದೆ!

“ಸಾಕು, ನಿಲ್ಸು! ಡ್ರಮ್ಮು ತುಕ್ಕು ಹಿಡಿದಿದೆ” ಎಂದೆ.

“ಸ್ಟೀಲ್ ಡ್ರಮ್ಮು ತುಕ್ಕು ಹಿಡಿಯುತ್ತೇನ್ರೀ?”

“ಅದರಲ್ಲಿ ಹ…” ಎಂದು ಬಾಯಿ ತೆರೆದವನು ನುಂಗಿಕೊಂಡೆ. ಹಲ್ಲಿ ಬಿದ್ದಿದೆ ಎಂದರೆ ಎಲ್ಲರೂ ಆಸ್ಪತ್ರೆಗೆ ಓಡುತ್ತಾರೆ. ಅಲ್ಲಿ ಡಾಕ್ಟರು ಮೊದಲು ಮೂಸುವುದೇ ಬಾಯಿಯನ್ನು. ನಲ್ಲಿಯನ್ನು ತಿರುಗಿಸಿ ಬಿಡೋಣವೆಂದು ಕೈ ಹಾಕಿದೆ. ವಿಷ್ಣುಮೂರ್ತಿಗಳು ನನ್ನ ಕೈಯನ್ನು ಹಿಡಿದುಕೊಂಡರು. ಅವರ ಕಣ್ಣು ಅರ್ಧ ಮುಚ್ಚಿತ್ತು. ಜನ್ಮದಲ್ಲಿ ನಗದಿದ್ದ ಮನುಷ್ಯ ನಗುತ್ತಿದ್ದರು.

“ಆಹಾ ಹಾ, ಅವಸರ! ಕಾರ್ಯಕರ್ತರು ಕೊನೇಲಿ ಕುಡೀಬೇಕು ತಿರುಮಲೇಶ್. ಬಂದವ್ರಿಗೆಲ್ಲ ಮೊದಲು.” ನನ್ನ ಭುಜದ ಮೇಲೆ ಒರಗಿಕೊಂಡರು. “ಏನ್ ಪಾನಕ ಮಾರಾಯ್ರೆ! ಎದೆಯಲ್ಲೆಲ್ಲ ಬೆಚ್ಚಗೆ ಹೋರಾಟದ ಕಿಚ್ಚು ಹತ್ಕೊಳ್ತಾ ಇದೆ! ಇನ್ನೊಂದು ಲೋಟ ಹಾಕಮ್ಮ ಚೂಡಾಮಣಿ.”

“ಸಾರ್, ನಿಮಗೆ ಶುಗರ್ರು…”

“ಸತ್ಯಕ್ಕೋಸ್ಕರ ಸಾಯ್ತೀನ್ರೀ!”

ಲೋಟ ಬರಿದು ಮಾಡಿ ಅವರು ಪ್ಲಾಸ್ಟಿಕ್ ಕುರ್ಚಿ ಹತ್ತಿ ನಿಂತರು. ಇಬ್ಬರು ಕುರ್ಚಿ ಹಿಡಿದುಕೊಂಡರು. ಆ ಇಬ್ಬರನ್ನು ಹಿಡಿದುಕೊಳ್ಳಲು ಇನ್ನಿಬ್ಬರು ಬೇಕಾಯಿತು. ಮುಷ್ಟಿ ಎತ್ತಿ, ಗುಡಿಯ ಪಾರಿವಾಳಗಳು ಎದ್ದು ಹಾರುವಂತೆ ಅಧ್ಯಕ್ಷರು ಗರ್ಜಿಸಿದರು:

“ಪಾನ ಬೇಕು! ಪಾನಕ ಬೇಡ!”

“ಪಾನ ಬೇಕು! ಪಾನಕ ಬೇಡ!” ಎಂದು ಇಡೀ ರಸ್ತೆ ಶಿಸ್ತಿನಿಂದ ಕೂಗಿತು. ತಪ್ಪಿದ್ದು ಒಬ್ಬರಿಗೂ ಗೊತ್ತಾಗಲಿಲ್ಲ. ನಾನು ಕೆಳಗಿನಿಂದ “ಉಲ್ಟಾ ಸಾರ್, ಉಲ್ಟಾ!” ಎಂದು ಪಿಸುಗುಟ್ಟಿದೆ. ಅವರು ಅದನ್ನೂ ಘೋಷಣೆ ಎಂದುಕೊಂಡು “ಉಲ್ಟಾ!” ಎಂದರು. ಜನರೂ “ಉಲ್ಟಾ!” ಎಂದರು.

ಸರಿಯಾಗಿ ಆ ಹೊತ್ತಿಗೆ ಬೈರಣ್ಣನ ಕಾರು ಬಂದು ನಿಂತಿತು. ಬೈರಣ್ಣನ ಜೊತೆ ಬಿಳಿ ಅಂಗಿ, ಕತ್ತಿನಲ್ಲಿ ದಪ್ಪ ಸರದ ರವಿಕುಮಾರ ಇಳಿದ. ಅಂಗಡಿಯ ಅಳತೆ ನೋಡಿ, ಮಾತು ಮುಗಿಸಿಕೊಂಡು ಹೋಗಲು ಬಂದವನು. ಇನ್ನು ಮುಗಿಯಿತು ಎಂದುಕೊಂಡೆ. ಬಾರಿನವನಿಗೆ ವಾಸನೆ ಗೊತ್ತಾಗದೇ? ಹೋರಾಟ ಹೋಯಿತು, ಮಾನ ಹೋಯಿತು, ಬಾರು ಬಂತು!

“ಏನ್ ಸಾರ್, ಜಾತ್ರೆ ಮಾಡ್ಬುಟ್ಟಿದ್ದೀರಾ?” ಎಂದು ಬೈರಣ್ಣ ಮೀಸೆಯ ಮೇಲೆ ಕೈ ಹಾಕಿದ. “ನನ್ ಬಿಲ್ಡಿಂಗು, ನನ್ನಿಷ್ಟ. ನೀವು ಯಾರ್ ಕೇಳೋಕೆ?”

ನಾನು ಉತ್ತರ ಹುಡುಕುತ್ತಿದ್ದೆ. ಉತ್ತರ ಬಂದದ್ದು ಹೆಂಗಸರ ಗುಂಪಿನಿಂದ.

“ಏ ಬೈರಾ!”

ಇಡೀ ರಸ್ತೆ ಆ ಕಡೆ ತಿರುಗಿತು. ಕೂಗಿದವಳು ಬೈರಣ್ಣನ ಹೆಂಡತಿ ಮಂಗಮ್ಮ! ಗಂಡನ ಮಾತಿಗೆ ತಲೆ ಎತ್ತದ ಹೆಂಗಸು. ಮದುವೆಯಾಗಿ ಇಷ್ಟು ವರ್ಷ “ನಮ್ಮನೆಯೋರು” ಎಂದದ್ದು ಬಿಟ್ಟರೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಸಂಘದ ಹೆಂಗಸರ ಜೊತೆ ಸುಮ್ಮನೆ ನೋಡಲು ಬಂದಿದ್ದಳು. ಬಿಸಿಲೆಂದು ಒಂದು ಲೋಟ ಕುಡಿದಿದ್ದಳು. ಚೆನ್ನಾಗಿದೆಯೆಂದು ಇನ್ನೊಂದು ಕುಡಿದಿದ್ದಳು.

“ಬೈರಾ, ಬಾ ಇಲ್ಲಿ! ಗಣಪತಿ ಮುಂದೆ ಬಾರ್ ಮಡಗ್ತೀಯಾ? ಮಡಗು! ನಾನು ಹೊಸಕೆರೆಹಳ್ಳಿ ತಂಗಿ ಮನೆಗೆ ಹೋಗ್ತೀನಿ. ತಿರುಗಿ ಬರಾಕಿಲ್ಲ. ನಿಂಗೆ ಯಾವನು ಮುದ್ದೆ ತಿರುವಿ ಇಕ್ತಾನೋ ನೋಡ್ತೀನಿ!”

ಹೆಂಗಸರು ಶಿಳ್ಳೆ ಹೊಡೆದರು. ಹೌದು, ಶಿಳ್ಳೆ! ಜಯನಗರದ ಇತಿಹಾಸದಲ್ಲೇ ಮೊದಲು. ಬೈರಣ್ಣನ ಕೈ ಮೀಸೆಯಿಂದ ಕೆಳಗೆ ಇಳಿಯಿತು. ಹೆಂಡತಿಯನ್ನು ನೋಡಿದ, ನಮ್ಮನ್ನು ನೋಡಿದ. “ಇವ್ಳಿಗೇನಾಯ್ತು ಸಾರ್?” ಎಂದು ನನ್ನನ್ನೇ ಕೇಳಿದ. ಧ್ವನಿಯಲ್ಲಿ ಜೋರು ಇರಲಿಲ್ಲ.

“ಬಿಸಿಲು ಬೈರಣ್ಣ” ಎಂದೆ.

“ಬಿಸಿಲಲ್ಲಿ ಬಂದಿದೀರಿ, ಕುಡೀರಿ ಅಣ್ಣ” ಎಂದು ಚೂಡಾಮಣಿ ಆ ಇಬ್ಬರ ಕೈಗೂ ಲೋಟ ಕೊಟ್ಟೇಬಿಟ್ಟಳು! ಶತ್ರುವಾದರೂ ಬಾಯಾರಿ ಬಂದವನಿಗೆ ಇಲ್ಲ ಎನ್ನುವ ಜಾಯಮಾನ ಅವಳದಲ್ಲ. ನಾನು ಕಣ್ಣು ಮುಚ್ಚಿಕೊಂಡೆ.

ರವಿಕುಮಾರ ಒಂದು ಗುಟುಕು ಬಾಯಿಗೆ ಹಾಕಿಕೊಂಡ. ನುಂಗಲಿಲ್ಲ. ಈ ಕೆನ್ನೆಯಿಂದ ಆ ಕೆನ್ನೆಗೆ ಹೊರಳಿಸಿದ. ಆಮೇಲೆ ನುಂಗಿ ಡ್ರಮ್ಮನ್ನು ನೋಡಿದ. ಕುರ್ಚಿಯ ಮೇಲೆ ತೂಗಾಡುತ್ತಿದ್ದ ಹೆಡ್‌ಮಾಸ್ಟರನ್ನು ನೋಡಿದ, ಗುಡಿಯ ಕಟ್ಟೆಯ ಮೇಲೆ ಒಬ್ಬರಿಗೊಬ್ಬರು ಒರಗಿ ಹಾಡುತ್ತಿದ್ದ ಹಿರಿಯ ನಾಗರಿಕರನ್ನು ನೋಡಿದ.

“ಇದ್ಯಾರು ಮಾಡಿದ್ದು?”

“ನಮ್ಮ ಕಾರ್ಯದರ್ಶಿಗಳು!” ಎಂದು ವಿಷ್ಣುಮೂರ್ತಿಗಳು ಮೇಲಿನಿಂದ ಕೂಗಿದರು. “ಸ್ವಂತ ಬಳ್ಳಿ! ಸ್ವಂತ ಶ್ರಮ! ಇನ್ಮೇಲೆ ಪ್ರತಿ ಭಾನುವಾರ ಇಲ್ಲೇ ಹಂಚ್ತೀವಿ. ಎಲ್ರಿಗೂ ಉಚಿತ!”

ರವಿಕುಮಾರ ನನ್ನ ಹತ್ತಿರ ಬಂದ. ಇಷ್ಟಗಲ ಬಾಯಿ ತೆರೆದು ಎಲ್ಲವನ್ನೂ ಹೇಳಿಬಿಡುತ್ತಾನೆ ಎಂದುಕೊಂಡೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬೈರಣ್ಣನ ಹೆಗಲ ಮೇಲೆ ಕೈ ಹಾಕಿ, ನಮ್ಮಿಬ್ಬರಿಗೆ ಮಾತ್ರ ಕೇಳುವಂತೆ ಹೇಳಿದ:

“ಬೇಡ ಅಣ್ಣ, ಈ ರೋಡ್ ಸವಾಸ ಬೇಡ. ನಾನು ಲೈಸೆನ್ಸು ತಗೊಂಡು, ಲೈಟ್ ಹಾಕ್ಸಿ, ಸಾಯಂಕಾಲದ ಮೇಲೆ ದುಡ್ಡಿಗೆ ಕೊಡೋದನ್ನ ಇವ್ರು ಬೆಳಬೆಳಿಗ್ಗೆ ಗುಡಿ ಮುಂದೆ ಫ್ರೀಯಾಗಿ ಕುಡಿಸ್ತಾವ್ರೆ. ಇಂಥೋರ್ ಎದುರಿಗೆ ನಾನೆಂಗ್ ವ್ಯಾಪಾರ ಮಾಡ್ಲಿ?”

ಕಾರು ಹತ್ತಿದ, ಹೋದ. ಬೈರಣ್ಣ ಬೆಪ್ಪಾಗಿ ನಿಂತ. ಲೋಟದಲ್ಲಿ ಉಳಿದಿದ್ದನ್ನು ಕುಡಿದ. ನನ್ನ ಮುಖವನ್ನೇ ದಿಟ್ಟಿಸಿದ. “ಆಯ್ತು ಸಾರ್, ಔಷಧಿ ಅಂಗಡಿಯೋನು ಕೇಳ್ತಿದ್ದ, ಅವ್ನಿಗೇ ಕೊಡ್ತೀನಿ. ನಾನು ಬಾಯಿ ಬಿಡಾಕಿಲ್ಲ” ಎಂದ. ಲೋಟ ಮುಂದೆ ಹಿಡಿದು, “ಇನ್ನೊಸಿ ಹಾಕ್ಸಿ” ಎಂದ.

ಆಮೇಲೆ ಏನಾಯಿತೆಂದು ವರ್ಣಿಸಲು ನನ್ನಿಂದಾಗದು. ಬಾರಿನವನು ಓಡಿಹೋದ ಎಂದು ಜಯಘೋಷ ಎದ್ದಿತು. ಯಾರೋ ಗಣಪತಿಯ ಹಾರ ತಂದು ನನ್ನ ಕೊರಳಿಗೆ ಹಾಕಿದರು. ವಿಷ್ಣುಮೂರ್ತಿಗಳು ಕುರ್ಚಿಯಿಂದ ಇಳಿಯುವ ಬದಲು ನನ್ನ ಮೇಲೆ ಇಳಿದರು. ಹೋರಾಟ ಗೆದ್ದಿತು, ನನ್ನ ಮಾನ ಉಳಿಯಿತು. ಒಬ್ಬೊಬ್ಬರನ್ನೇ ಮನೆಗೆ ನಡೆಸಿಕೊಂಡು ಹೋಗಿ ಬಿಟ್ಟು ಬರುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ಇಡೀ ರಸ್ತೆ ಗೊರಕೆ ಹೊಡೆಯುತ್ತಿತ್ತು.

ನಾನೊಬ್ಬನೇ ಶಾಮಿಯಾನದ ಕೆಳಗೆ ನಿಂತು ಡ್ರಮ್ಮನ್ನು ಬಗ್ಗಿಸಿದೆ. ನಲ್ಲಿ ತಿರುಗಿಸಿದೆ. ಮುಚ್ಚಳ ತೆಗೆದು ತಲೆಯನ್ನೇ ಒಳಗೆ ಹಾಕಿದೆ. ತಳದಲ್ಲಿ ಏಲಕ್ಕಿ ಸಿಪ್ಪೆ! ಬೆಳೆಸಿದವನು ನಾನು, ತುಳಿದವನು ನಾನು, ಸುಳ್ಳು ಹೇಳಿ ಹೇಳಿ ಕಾಯ್ದವನು ನಾನು. ಇಡೀ ರಸ್ತೆಯಲ್ಲಿ ಒಂದು ಹನಿ ಕುಡಿಯದೆ ಉಳಿದವನೂ ನಾನೊಬ್ಬನೇ. ಇಷ್ಟು ಹೊಟ್ಟೆ ಉರಿ ನನ್ನ ಬಾಳಿನಲ್ಲಿ ಯಾವತ್ತೂ ಆಗಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಚೂಡಾಮಣಿ ಎದ್ದಳು. ಮುಖ ತೊಳೆದು, ಕುಂಕುಮ ಇಟ್ಟುಕೊಂಡು ಬಂದು ಕಾಫಿ ಕೊಟ್ಟಳು. ಬೆಳಗ್ಗಿನಿಂದ ಅವಳು ಜನರಿಗೆ ನನ್ನನ್ನು ತೋರಿಸಿ “ನಮ್ಮನೆಯವ್ರು ಮಾಡಿದ್ದು” ಎಂದು ಹೇಳಿಕೊಂಡದ್ದು ನನ್ನ ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು. ಇನ್ನು ತಡೆಯಲಾಗಲಿಲ್ಲ. ಬೈದರೆ ಬೈಯಲಿ, ಊಟ ಹಾಕದಿದ್ದರೆ ಹಾಕದಿರಲಿ ಎಂದು ಕೈಮುಗಿದು ಹೇಳಿಬಿಟ್ಟೆ.

“ಚೂಡಾ, ಅದು ಪಾನಕ ಅಲ್ಲ ಕಣೇ. ವೈನು. ನಿಂಗೆ ಸುಳ್ಳು ಹೇಳ್ಬಿಟ್ಟೆ.”

“ಗೊತ್ತು” ಎಂದಳು.

ನನ್ನ ಕೈಯಲ್ಲಿನ ಕಾಫಿ ಬಟ್ಟೆಯ ಮೇಲೆ ಚೆಲ್ಲಿತು. “ಗೊತ್ತಾ? ಯಾವಾಗ ಗೊತ್ತಾಯ್ತು?”

“ಬೆಳಿಗ್ಗೆ ಬೆಲ್ಲ ಹಾಕಿ ಒಂದು ಲೋಟ ಕುಡಿದು ನೋಡಿದಾಗಲೇ ಡೌಟು ಬಂತು. ಗುಡಿ ಹತ್ರ ಎರಡನೇದು ಕುಡಿದಾಗ ಗ್ಯಾರಂಟಿ ಆಯ್ತು.”

“ಗ್ಯಾರಂಟಿ ಆದ್ಮೇಲೂ ಸುಮ್ನಿದ್ಯಲ್ಲೇ! ಆಗ್ಲೇ ಡ್ರಮ್ಮು ಒಳಗೆ ಕಳಿಸೋದಲ್ವಾ?”

ಚೂಡಾಮಣಿ ನನ್ನ ಕೈಯಿಂದ ಲೋಟ ತೆಗೆದುಕೊಂಡು, ಚೆಲ್ಲಿದ ಕಾಫಿಯನ್ನು ಒರೆಸುತ್ತಾ ಶಾಂತವಾಗಿ ಹೇಳಿದಳು:

“ಅದ್ಹೆಂಗ್ರೀ ಕಳಿಸ್ಲಿ? ನಂದಿನ್ನೂ ಮೂರನೇ ಲೋಟ ಆಗಿರ್ಲಿಲ್ಲ!”